ದುಪ್ಪಟ್ಟು ಬ್ಯಾಕಪ್

ಆ ನೆಲಮಾಳಿಗೆಯ ಬಜಾರಿನಲ್ಲಿ ಅವಳನ್ನು ಅತ್ತಿಗೆ ಎನ್ನದವರೇ ಇರಲಿಲ್ಲ. ನಿಜಕ್ಕೂ ಅವಳು ಅತ್ತಿಗೆಯಾಗಿದ್ದುದು ಒಬ್ಬನಿಗೆ ಮಾತ್ರ, ಗಂಡನ ತಮ್ಮನಿಗೆ. ಆದರೆ ಅವನ ಗಂಟಲು ದೊಡ್ಡದು. ಅಂಗಡಿಯ ಮುಂದೆ ಗಿರಾಕಿಗಳ ಹತ್ತಿರ ನಿಂತು, ಒಳಗಿನ ಮೇಜಿಗೆ ಕೇಳಲೆಂದು, “ಅತ್ತಿಗೇ, ಇದರ ಗುಂಡಿ ಒತ್ತಿದ್ರೆ ಮೇಲೇ ಬರ್ತಿಲ್ಲವಂತೆ, ನೋಡಿ” ಎಂದು ಕೂಗಿದರೆ ಇಡೀ ಸಾಲು ತಿರುಗಿ ನೋಡುತ್ತಿತ್ತು. ಎದುರಿನ ಗಡಿಯಾರದವನು, ಪಕ್ಕದ ಕನ್ನಡಕದವಳು, ಮೆಟ್ಟಿಲ ಬುಡದ ಬೀಗದ ಮುದುಕ, ಎಲ್ಲರೂ ಅದನ್ನೇ ಹಿಡಿದರು. ಬೀಗದ ಮುದುಕನಿಗೆ ಅವಳ ಅಪ್ಪನ ವಯಸ್ಸು. ಅವನೂ ಅತ್ತಿಗೆ ಎಂದಾಗ ಅವಳು ನಕ್ಕು ಸುಮ್ಮನಾಗಿದ್ದಳು.

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗಳ ರಿಪೇರಿ ಅವಳ ಕೆಲಸ. ಮೊದಲು ಅದು ಗಂಡನ ಕೆಲಸವಾಗಿತ್ತು. ಅವನ ಕೈ ನಡುಗತೊಡಗಿದ ಮೇಲೆ ಅದು ಅವಳ ಪಾಲಿಗೆ ಬಂತು. ಶುರುವಿನಲ್ಲಿ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಸಾಸಿವೆ ಗಾತ್ರದ ಸ್ಕ್ರೂ ಬಿದ್ದುಹೋಯಿತೆಂದು ನೆಲ ತಡಕುತ್ತಿದ್ದ, ಬೆಳಕು ಸಾಲದೆಂದು ಬಲ್ಬನ್ನು ಬೈಯುತ್ತಿದ್ದ. ಒಂದು ದಿನ ಬುತ್ತಿ ಕೊಡಲು ಬಂದವಳು ಅವನ ಮಣಿಕಟ್ಟು ಹಿಡಿದು ಮೇಜಿನ ಮೇಲಿಟ್ಟು, “ಬಾಯಲ್ಲಿ ಹೇಳಿ, ನಾನು ಮಾಡ್ತೀನಿ” ಎಂದಳು. ಅಂದಿನಿಂದ ಅವನು ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳುವುದು, ಅವಳು ಮಾಡುವುದು. ಮೊದಮೊದಲು ಜಗಳವೋ ಜಗಳ. “ಅಷ್ಟು ಬಿಗಿ ತಿರುಗಿಸಬೇಡ, ಅದೇನು ನಲ್ಲಿ ಅಂದ್ಕೊಂಡ್ಯಾ?” ಎಂದು ಅವನು. “ಹಾಗಾದ್ರೆ ನೀವೇ ತಿರುಗಿಸಿ” ಎಂದು ನಾಲಿಗೆ ಜಾರಿ, ಆಮೇಲೆ ಸಂಜೆಯವರೆಗೂ ಮುಖ ಸಣ್ಣ ಮಾಡಿಕೊಂಡು ಅವಳು. ಬರಬರುತ್ತ ಅವಳ ಬೆರಳು ಪಳಗಿತು, ಅವನ ಮಾತು ಕಡಿಮೆಯಾಯಿತು.

ಬರುವ ಕನ್ಸೋಲ್‌ಗಳಲ್ಲಿ ಮುಕ್ಕಾಲು ಪಾಲಿಗೆ ಒಂದೇ ರೋಗ, ಚಾರ್ಜ್ ನಿಲ್ಲುವುದಿಲ್ಲ. ಕೊಂಡ ಹೊಸದರಲ್ಲಿ ಇಡೀ ಮಧ್ಯಾಹ್ನ ಆಡಿದರೂ ದಣಿಯದ ಬ್ಯಾಟರಿ, ಎರಡು ವರ್ಷಕ್ಕೆ ಅರ್ಧ ಆಟದಲ್ಲೇ ಕೈಕೊಡುತ್ತದೆ. ಹಳೆಯದು ಬಿಚ್ಚಿ ಹೊಸದು ಕೂರಿಸುವುದು ಅವಳಿಗೆ ಈಗ ನೀರು ಕುಡಿದಷ್ಟು ಸುಲಭ. ಅಂಟಿನ ಮೇಲೆ ಬಿಸಿಗಾಳಿ ಹಿಡಿದು, ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಬೇಕು. ಚೂಪಾದದ್ದು ತಾಕಿಸಲೇ ಕೂಡದು. ಗಂಡ ಮೊದಲ ದಿನವೇ ಹೇಳಿದ್ದ. “ಬ್ಯಾಟರಿ ಉಬ್ಬಿತು ಅಂದ್ರೆ ಅದಕ್ಕೆ ಸಿಟ್ಟು ಬಂದಿದೆ ಅಂತ. ಅದರ ಜೊತೆ ವಾದ ಬೇಡ. ಮರಳಿಗೆ ಹಾಕು, ದೂರ ಹೋಗು.” ಅದಕ್ಕೆಂದೇ ಮೇಜಿನ ಕೆಳಗೆ ಒಂದು ಬಕೆಟ್ ಮರಳು ಇರುತ್ತಿತ್ತು. ಬೀಗದ ಮುದುಕ ಅದರಲ್ಲಿ ಆಗಾಗ ಬೀಡಿ ಒತ್ತಿ ಆರಿಸಿ ಬೈಸಿಕೊಳ್ಳುತ್ತಿದ್ದ.

ಮೈದುನ ಹೊಸ ಬ್ಯಾಟರಿಗಳ ರಟ್ಟಿನ ಪೆಟ್ಟಿಗೆ ಹೊತ್ತು ತಂದದ್ದು ಬೇಸಗೆ ಶುರುವಾದಾಗ. ಪೆಟ್ಟಿಗೆಯನ್ನು ಮಗುವನ್ನು ಇಳಿಸಿದ ಹಾಗೆ ಇಳಿಸಿದ.

“ಇನ್ನು ಮೇಲೆ ಗಿರಾಕಿಗಳು ನಮ್ಮನ್ನ ಹುಡುಕ್ಕೊಂಡು ಬರ್ತಾರೆ ನೋಡಿ ಅತ್ತಿಗೆ. ದುಪ್ಪಟ್ಟು ಬ್ಯಾಕಪ್! ಅದೇ ಅಳತೆ, ಅದೇ ಜಾಗ.”

ಅಣ್ಣ ಒಂದನ್ನು ಕೈಗೆ ಕೊಡಿಸಿಕೊಂಡ. ನಡುಗುವ ಅಂಗೈಯಲ್ಲಿ ಬೆಳ್ಳಿ ಬಣ್ಣದ ಆ ತೆಳುವಾದ ಚೀಲ ಮೀನಿನ ಹಾಗೆ ಅಲುಗಿತು. “ಅಷ್ಟೇ ಜಾಗದಲ್ಲಿ ಎರಡರಷ್ಟು ಹೇಗೋ ತುಂಬ್ತಾರೆ?”

“ಕಾಲ ಮುಂದೆ ಹೋಗಿದೆ ಅಣ್ಣ.”

“ಕಾಲ ಹೋಗಿರಬಹುದು. ಬ್ಯಾಟರಿ ಒಳಗಿನ ಜಾಗ ಎಲ್ಲಿಗೆ ಹೋಗುತ್ತೆ?”

ಮೈದುನ ನಕ್ಕ. ಅವಳೂ ನಕ್ಕಳು, ಗಂಡನಿಗೆ ಹೊಸದೆಂದರೆಲ್ಲ ಅನುಮಾನವೆಂದುಕೊಂಡು. ಮರುದಿನ ಒಂದನ್ನು ಕೂರಿಸಿ ಬೆಳಗಿನಿಂದ ಆಟ ಹಚ್ಚಿಟ್ಟಳು. ಅಂಗಡಿ ಮುಚ್ಚುವ ಹೊತ್ತಿಗೂ ಪರದೆ ಉರಿಯುತ್ತಲೇ ಇತ್ತು. ಗಂಡ ಅದರ ಬೆನ್ನು ಮುಟ್ಟಿ ನೋಡಿದ. “ಜ್ವರ ಬಂದಿದೆ ಇದಕ್ಕೆ” ಎಂದ. ಬೇಸಗೆಯಲ್ಲವೇ, ಎಲ್ಲವೂ ಬಿಸಿ ಎಂದು ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ದರ್ಜಿ ಬಂದದ್ದು ಆ ವಾರವೇ. ವಯಸ್ಸಾದವನು, ಸಣಕಲು ದೇಹ, ಮುಖದಲ್ಲಿ ಬೂದಿ ಬಣ್ಣ. ಎಡತೋಳಿನಲ್ಲಿ ಹಗ್ಗದಂತೆ ಉಬ್ಬಿದ ರಕ್ತನಾಳ. ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದ. ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು, ಇನ್ನೊಂದು ಕೈಯಲ್ಲಿ ಮೇಲಿನಿಂದ ಬೀಳುವ ಇಟ್ಟಿಗೆ ಜೋಡಿಸುವ ಆಟ ಆಡುತ್ತ ಹೊತ್ತು ಕಳೆಯುತ್ತಿದ್ದನಂತೆ. ಕನ್ಸೋಲ್ ಮಗಳು ಕೊಟ್ಟಿದ್ದು.

“ಅರ್ಧಕ್ಕೇ ಆರಿಹೋಗುತ್ತಮ್ಮ ಇದು. ಅಲ್ಲಿ ಪ್ಲಗ್ಗೆಲ್ಲಾ ಯಂತ್ರಗಳಿಗೇ ಸರಿ, ನಮಗೆ ಕೊಡಲ್ಲ. ಆಮೇಲೆ ಸುಮ್ಮನೆ ನನ್ನ ರಕ್ತ ಆ ಕೊಳವೇಲಿ ಹೋಗೋದು, ಬರೋದು ನೋಡ್ತಾ ಮಲಗಬೇಕು. ಯಂತ್ರ ನನ್ನನ್ನ ಒಗೆದು ಮುಗಿಸೋವರೆಗೆ ಇದೂ ಬದುಕಿದ್ರೆ ಸಾಕು.”

ಅವಳು ಬೇರೆಯವರದೆಲ್ಲ ಪಕ್ಕಕ್ಕಿಟ್ಟು, ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣೆದುರೇ ಹೊಸ ಬ್ಯಾಟರಿ ಹಾಕಿಕೊಟ್ಟಳು. ಮುಂದಿನ ವಾರ ಅವನು ಮೆಟ್ಟಿಲಿಳಿದು ಬಂದ, ಬರೀ ಹೇಳಿ ಹೋಗಲು. “ಯಂತ್ರ ಸೋತಿತಮ್ಮ, ಇದು ಸೋಲಲಿಲ್ಲ. ಮನೆಗೆ ಹೋದ ಮೇಲೂ ಆಡಿದೆ.” ಅವಳ ಅಂಗಿಯ ತೋಳಿನ ಬಿಟ್ಟ ಹೊಲಿಗೆಯನ್ನು ನೋಡಿ, ಜೇಬಿನಿಂದ ಸೂಜಿದಾರ ತೆಗೆದು, ನಿಂತಲ್ಲೇ ನಾಲ್ಕು ಹೊಲಿಗೆ ಹಾಕಿ ಹೋದ.

ಆಮೇಲೆ ಬಂದವಳು ಒಬ್ಬ ತಾಯಿ. ಮಗಳ ಕನ್ಸೋಲಿನ ಬೆನ್ನು ಮುಚ್ಚಿಕೊಳ್ಳುತ್ತಿಲ್ಲ ಎಂದಳು. “ಇವಳು ಇದರ ಮೇಲೆ ಕೂತಿರಬೇಕು. ಕೂತಿಲ್ಲ ಅಂತ ಅಳ್ತಾಳೆ.” ಅತ್ತಿಗೆ ಸ್ಕ್ರೂ ಬಿಚ್ಚಿದಳು. ಕೊನೆಯ ಸ್ಕ್ರೂ ಸಡಿಲವಾಗುತ್ತಲೇ ಮುಚ್ಚಳ ತಾನಾಗಿ ಮೇಲೆದ್ದಿತು, ಒಳಗಿಂದ ಯಾರೋ ದೂಡಿದಂತೆ. ಈ ಬೇಸಗೆಯಲ್ಲೇ ತಾನು ಹಾಕಿಕೊಟ್ಟಿದ್ದ ಹೊಸ ಬ್ಯಾಟರಿ ದಿಂಬಿನಂತೆ ದುಂಡಗಾಗಿತ್ತು. ಹಣ್ಣು ಕೊಳೆಯುವ ಮೊದಲು ಬರುವಂಥ ಸಿಹಿ ವಾಸನೆ ಮೇಜಿನ ಮೇಲೆ ಹರಡಿತು.

ಸ್ಟೂಲಿನ ಮೇಲಿದ್ದ ಗಂಡ ತಲೆಯೆತ್ತಿದ. “ಮರಳು” ಎಂದ, ಅಷ್ಟೇ.

ತಾಯಿ ಮಗಳು ಹೋದ ಮೇಲೆ ಅವಳು ಪೆಟ್ಟಿಗೆಯಿಂದ ಹೊಸದೊಂದನ್ನು ತೆಗೆದು ತಲೆಯ ಭಾಗದ ಹಳದಿ ಟೇಪು ಸುಲಿದಳು. ಆ ಟೇಪಿನಡಿ ಒಂದು ಸಣ್ಣ ಹಸಿರು ಪಟ್ಟಿ ಇರಬೇಕು. ತುಂಬಿದ ಮೇಲೂ ಚಾರ್ಜ್ ನುಗ್ಗದಂತೆ ತಡೆಯುವ ಕಾವಲುಗಾರ ಅದು. ಇಲ್ಲಿ ಪಟ್ಟಿಯ ಜಾಗದಲ್ಲಿ ಮಡಿಸಿಟ್ಟ ಕಾಗದವಿತ್ತು. ಇನ್ನೊಂದನ್ನು ಸುಲಿದಳು. ಅದರಲ್ಲೂ ಕಾಗದ. ಮತ್ತೊಂದು. ಅದೂ ಅಷ್ಟೇ. ದುಪ್ಪಟ್ಟು ಬ್ಯಾಕಪ್ ಎಲ್ಲಿಂದ ಬರುತ್ತಿತ್ತೆಂದು ಅವಳಿಗೆ ಆಗ ಅರ್ಥವಾಯಿತು. ತಡೆಯುವ ಪಟ್ಟಿಯಿಲ್ಲದೆ ಚಾರ್ಜ್ ಮಿತಿ ಮೀರಿ ತುಂಬಿಕೊಳ್ಳುತ್ತಿತ್ತು.

ಮೈದುನ ಕಾಗದದ ಚೂರನ್ನು ತಿರುಗಿಸಿ ಮುರುಗಿಸಿ ನೋಡಿದ. “ಒಂದು ಉಬ್ಬಿದೆ ಅಂತ ಎಲ್ಲಾನೂ ಉಬ್ಬುತ್ತಾ ಅತ್ತಿಗೆ? ಕೊಟ್ಟವನು ಪರಿಚಯದವನೇ.”

“ಎಷ್ಟು ಜನಕ್ಕೆ ಹಾಕಿದೀವಿ, ಗೊತ್ತಾ?”

ಅವನು ಕಾಲ ಬೆರಳಿನಿಂದ ನೆಲ ಕೆರೆದ. “ನಾವಷ್ಟೇ ಅಲ್ಲ. ಅರ್ಧ ಪೆಟ್ಟಿಗೆ ಬೇರೆ ಅಂಗಡಿಗಳಿಗೂ ಕೊಟ್ಟುಬಿಟ್ಟಿದೀನಿ.”

ಮಾತಿನ್ನೂ ಮುಗಿದಿರಲಿಲ್ಲ, ಮುಂದಿನ ಗಾಜಿನ ಕಪಾಟಿನಿಂದ ಚಿಟ್ ಎಂದು ಸದ್ದು ಬಂತು. ಗಿರಾಕಿಗಳಿಗೆ ತೋರಿಸಲೆಂದು ಚಾರ್ಜಿಗೆ ಹಾಕಿ ಆಟ ಹಚ್ಚಿಟ್ಟಿದ್ದ ಕನ್ಸೋಲ್ ಅಲ್ಲಿತ್ತು. ಪರದೆಯ ಬಣ್ಣಗಳು ಒಂದಕ್ಕೊಂದು ಕಲೆಸಿದವು, ಪರದೆ ಬಿಲ್ಲಿನ ಹಾಗೆ ಬಾಗಿತು. ಬಿಳಿ ಹೊಗೆಯ ಒಂದು ಎಳೆ ಕಪಾಟಿನ ಒಳಗೇ ಸುತ್ತತೊಡಗಿತು. ಮೈದುನ ಗಾಜು ಸರಿಸಿ ಕೈ ಹಾಕಿದ. “ಮುಟ್ಟಬೇಡ!” ಎಂದು ಅಣ್ಣ ಚೀರುವಷ್ಟರಲ್ಲಿ ಅಂಗೈ ಸುಟ್ಟಿತ್ತು. ಅತ್ತಿಗೆ ತಂತಿ ಕಿತ್ತು, ಇಕ್ಕಳದಲ್ಲಿ ಹಿಡಿದು ಬಕೆಟ್ಟಿಗೆ ಹಾಕಿ ಮೇಲೆ ಮರಳು ಸುರಿದಳು. ಒಳಗೆ ಅದು ಬುಸುಗುಟ್ಟಿತು. ಮರಳು ಎದ್ದಿತು, ಕೂತಿತು, ಮತ್ತೆ ಎದ್ದಿತು. ಸಾಲಿನವರೆಲ್ಲ ಬಾಗಿಲಿಗೆ ಬಂದು ನಿಂತರು.

ಬಕೆಟ್ಟನ್ನೇ ನೋಡುತ್ತಿದ್ದವಳಿಗೆ ದರ್ಜಿ ನೆನಪಾದ. ಇವತ್ತು ಅವನ ಸರದಿ. ಹೋದ ಸಲ ಬಂದಾಗ ಅವನೇ ಹೇಳಿದ್ದ, ಅಲ್ಲಿ ಮಲಗಿದರೆ ಮೈಯೆಲ್ಲ ಚಳಿ, ಕಂಬಳಿ ಒಳಗೇ ಕೈಯಿಟ್ಟುಕೊಂಡು ಆಡುತ್ತೇನೆಂದು. ಕಂಬಳಿಯ ಒಳಗೆ. ಚಪ್ಪಲಿ ಹುಡುಕದೆ, ಕೈಗೆ ಸಿಕ್ಕ ದಪ್ಪ ಕೈಗವಸು ಹಿಡಿದು ಮೆಟ್ಟಿಲು ಹತ್ತಿದಳು.

ಡಯಾಲಿಸಿಸ್ ಕೇಂದ್ರ ಎರಡು ಬೀದಿ ಆಚೆ. ಬಾಗಿಲಲ್ಲಿ ನರ್ಸ್ ಅಡ್ಡ ನಿಂತಳು. ಬರಿಗಾಲು, ಮರಳು ಮೆತ್ತಿದ ಕೈ, ಏದುಸಿರು. “ಯಾರಮ್ಮ ನೀನು? ಒಳಗೆ ಹಾಗೆಲ್ಲ ಬರೋ ಹಾಗಿಲ್ಲ.”

“ಸಿಸ್ಟರ್, ದರ್ಜಿ ಅಜ್ಜನ ಆಟದ ಸಾಮಾನಿಗೆ ಬೆಂಕಿ ಹೊತ್ಕೊಳ್ಳುತ್ತೆ. ನಾನೇ ರಿಪೇರಿ ಮಾಡಿದ್ದು. ಬಿಡಿ ನನ್ನ.”

ಅವಳ ಮುಖದಲ್ಲಿ ಏನು ಕಂಡಳೋ, ನರ್ಸ್ ಪಕ್ಕಕ್ಕೆ ಸರಿದಳು.

ಉದ್ದನೆಯ ಕೋಣೆ. ಎರಡೂ ಕಡೆ ಮಂಚಗಳು, ಪ್ರತಿ ಮಂಚದ ಪಕ್ಕ ಒಂದು ಯಂತ್ರ, ಯಂತ್ರದಿಂದ ತೋಳಿಗೆ ಕೆಂಪು ಕೊಳವೆಗಳು. ಎಲ್ಲರೂ ಕಟ್ಟಿಹಾಕಿದವರ ಹಾಗೆ ಮಲಗಿದ್ದರು. ಬೆಂಕಿ ಎಂದು ಯಾರಾದರೂ ಕೂಗಿದರೆ ಇವರಲ್ಲಿ ಒಬ್ಬರೂ ಎದ್ದು ಓಡಲಾರರು ಎಂಬುದು ಅವಳಿಗೆ ಹೊಳೆಯಿತು. ಕೊನೆಯ ಮಂಚದಲ್ಲಿ ದರ್ಜಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಕಂಬಳಿ ಗದ್ದದವರೆಗೆ. ಎರಡು ಮಾರು ದೂರವಿರುವಾಗಲೇ ಅವಳ ಮೂಗಿಗೆ ಆ ಸಿಹಿ ವಾಸನೆ ಬಡಿಯಿತು.

ಕಂಬಳಿ ಸರಿಸಿದಳು. ಕನ್ಸೋಲ್ ಅವನ ಹೊಟ್ಟೆಯ ಮೇಲೆ ಕವುಚಿ ಬಿದ್ದಿತ್ತು, ಬೆನ್ನಿನ ಮುಚ್ಚಳ ಬಾಯಿಬಿಟ್ಟಿತ್ತು, ಆಟದ ಸಂಗೀತ ಇನ್ನೂ ಸಣ್ಣಗೆ ಬರುತ್ತಿತ್ತು. ಕೈಗವಸಿನಲ್ಲಿ ಅದನ್ನೆತ್ತಿಕೊಂಡು ಅವಳು ನಡೆದಳು. ಓಡಲಿಲ್ಲ. ಓಡಿ ಎಡವಿದರೆ ಮುಗಿಯಿತು. ಮಂಚಗಳ ಮೇಲಿನ ಕಣ್ಣುಗಳು ಒಂದೊಂದಾಗಿ ಅವಳತ್ತ ಹೊರಳಿದವು. ಕೈಗವಸಿನ ಒಳಗೂ ಬಿಸಿ ಏರುತ್ತಿತ್ತು. ನರ್ಸ್ ಬಾಗಿಲು ಹಿಡಿದು ನಿಂತಿದ್ದಳು. ಹಿತ್ತಲಿನ ಸಿಮೆಂಟು ನೆಲದ ಮೇಲೆ ಅದನ್ನಿಟ್ಟು ಹಿಂದೆ ಸರಿದಳೋ ಇಲ್ಲವೋ, ಅದು ಸಿಳ್ಳೆ ಹಾಕಿದಂತೆ ಕೂಗಿ, ಮೊಳದುದ್ದದ ಜ್ವಾಲೆ ಉಗುಳಿತು. ಗೋಡೆ ಕಪ್ಪಾಯಿತು. ಪ್ಲಾಸ್ಟಿಕ್ ಕರಗಿ ನೆಲಕ್ಕೆ ಅಂಟಿತು.

ಅವಳು ವಾಪಸ್ ಹೋದಾಗ ದರ್ಜಿ ಎಚ್ಚರವಾಗಿದ್ದ. ನರ್ಸ್ ಎಲ್ಲ ಹೇಳಿದ್ದಳು. ಅವನು ಸೂಜಿಯಿಲ್ಲದ ಕೈಯಿಂದ ಹೊಟ್ಟೆ ಸವರಿಕೊಳ್ಳುತ್ತಿದ್ದ. ಅಲ್ಲಿ ಚರ್ಮ ಕೆಂಪಾಗಿತ್ತು, ಅಷ್ಟೇ.

“ತಪ್ಪು ನಮ್ಮದು ಅಜ್ಜ” ಎಂದಳು.

ಅವನು ಕೊಳವೆಯಲ್ಲಿ ಹರಿಯುವ ರಕ್ತದ ಮೇಲೆ ಕಣ್ಣು ನೆಟ್ಟು, “ಬೆಚ್ಚಗಿತ್ತಮ್ಮ” ಎಂದ. “ಅದಕ್ಕೇ ನಿದ್ದೆ ಬಂದಿದ್ದು.”

ಮರುದಿನದಿಂದ ಮೈದುನ, ಅಂಗೈಗೆ ಬಟ್ಟೆ ಸುತ್ತಿಕೊಂಡು, ಬ್ಯಾಟರಿ ಕೊಟ್ಟಿದ್ದ ಅಂಗಡಿಗಳನ್ನೆಲ್ಲ ಸುತ್ತಿದ. ಅವನ ಆ ದೊಡ್ಡ ಗಂಟಲು ಅಡಗಿಹೋಗಿತ್ತು. ಕೆಲವರು ಉಳಿದದ್ದನ್ನು ಕೊಟ್ಟರು, ಹೆಚ್ಚಿನವರು ಎಲ್ಲ ಮಾರಿಯಾಯಿತೆಂದರು. ಪೆಟ್ಟಿಗೆ ಕೊಟ್ಟ ಪರಿಚಯದವನ ಅಂಗಡಿಗೆ ಬೀಗ ಬಿದ್ದಿತ್ತು. ಅತ್ತಿಗೆ ಬಾಗಿಲಲ್ಲಿ ಬೋರ್ಡ್ ತೂಗುಹಾಕಿದಳು, ನಮ್ಮಲ್ಲಿ ಈ ಬೇಸಗೆ ಹಾಕಿಸಿದ ಬ್ಯಾಟರಿ ತಕ್ಷಣ ವಾಪಸ್ ತನ್ನಿ ಎಂದು. ಬೋರ್ಡಿನ ಕೆಳಗೆ ತಾನೇ ಸ್ಟೂಲು ಹಾಕಿಕೊಂಡು ಕೂತಳು. ಮರಳಿನ ಬಕೆಟ್ ಈಗ ನಾಲ್ಕಾಗಿದ್ದವು. ಕೆಲವರು ತಂದರು. ತಂದವುಗಳಲ್ಲಿ ಅರ್ಧಕ್ಕರ್ಧ ಉಬ್ಬಿದ್ದವು.

ಉಳಿದವರು ಬರಲಿಲ್ಲ. ಬರುವುದಾದರೂ ಯಾಕೆ? ಅವರ ಕನ್ಸೋಲ್‌ಗಳು ಚೆನ್ನಾಗಿಯೇ ಓಡುತ್ತಿದ್ದವು.

ಒಂದು ಸಂಜೆ, ಅವಳು ಬ್ಯಾಟರಿ ಹಾಕಿಕೊಟ್ಟಿದ್ದ ಬ್ಯಾಂಕಿನ ಗುಮಾಸ್ತೆ ಬಜಾರಿನಲ್ಲಿ ಕಂಡಳು. ಅತ್ತಿಗೆ ಓಡಿಹೋಗಿ ಅವಳ ಕೈ ಹಿಡಿದು ಎಲ್ಲವನ್ನೂ ಹೇಳಿದಳು. ಗುಮಾಸ್ತೆ ಬ್ಯಾಗಿನಿಂದ ಕನ್ಸೋಲ್ ತೆಗೆದು, ತಿರುಗಿಸಿ ನೋಡಿ, ನಕ್ಕಳು.

“ನನ್ನದಕ್ಕೇನೂ ಆಗಿಲ್ಲ ಅತ್ತಿಗೆ. ಮೊದಲು ಬಸ್ಸಲ್ಲಿ ಅರ್ಧ ದಾರಿಗೇ ಆರಿಹೋಗ್ತಿತ್ತು. ಈಗ ನೋಡಿ, ಹೋಗ್ತಾ ಬರ್ತಾ ಆಡಿದ್ರೂ ಮುಗಿಯಲ್ಲ. ಇದನ್ನ ಕೊಟ್ಟು ಮತ್ತೆ ಹಳೇ ಥರದ್ದು ಹಾಕಿಸ್ಕೊಳ್ಳಲಾ?”

“ಮುಟ್ಟಿ ನೋಡಿ, ಬಿಸಿ ಇಲ್ವಾ?”

“ಸ್ವಲ್ಪ ಬೆಚ್ಚಗಿದೆ ಅಷ್ಟೇ. ಬಿಡಿ, ಬಸ್ಸಿಗೆ ಹೊತ್ತಾಯ್ತು. ನಾಳೆ ನೋಡೋಣ.”

ಅವಳು ಅದನ್ನು ಬ್ಯಾಗಿನಲ್ಲಿ ಬಟ್ಟೆಗಳ ನಡುವೆ ತುರುಕಿ, ಜಿಪ್ ಎಳೆದು, ಮೆಟ್ಟಿಲು ಹತ್ತಿ ಬೀದಿಯ ಜನದಲ್ಲಿ ಸೇರಿಹೋದಳು. ಅತ್ತಿಗೆ ಮೆಟ್ಟಿಲ ಬುಡದಲ್ಲೇ ನಿಂತಿದ್ದಳು. ಮೇಲೆ ತುಂಬಿದ ಬಸ್ಸೊಂದು ಬಂದು ನಿಂತ ಸದ್ದು, ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿತು.