ಬಾಲ ಕತ್ತರಿಸದ ಪ್ರೋಟೀನು

ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಆಕೆ ಜರಡಿಯಕ್ಕ. ಬ್ಯಾಕ್ಟೀರಿಯಾ ಬೆಳೆಸಿ, ಒಡೆದು, ಆ ರಾಡಿಯೊಳಗಿಂದ ಬೇಕಾದ ಒಂದೇ ಒಂದು ಪ್ರೋಟೀನನ್ನು ಸೋಸಿ ತೆಗೆಯುವುದು ಆಕೆಯ ಹತ್ತೊಂಬತ್ತು ವರ್ಷಗಳ ಕೆಲಸ.

ಪ್ರೊಫೆಸರರಿಗೆ ಪ್ರಕೃತಿಯಲ್ಲಿ ಇಲ್ಲದ ಕಿಣ್ವವೊಂದನ್ನು ತಾವೇ ಕಟ್ಟುವ ಹಂಬಲ. ಕಂಪ್ಯೂಟರಿನಲ್ಲಿ ಕೂತು ಪ್ರೋಟೀನಿನ ಮೈಮೇಲೆ ಸತುವಿಗೆ ಜಾಗ ಕೊರೆಯುತ್ತಿದ್ದರು. ಸತು ಬೆರೆಸಿದೊಡನೆ ನಾಲ್ಕು ತುಣುಕುಗಳು ಅದನ್ನು ಹಿಡಿದು ತಾವಾಗಿಯೇ ಒಂದುಗೂಡಬೇಕು; ನಡುವಿನ ಸಂದಿಯಲ್ಲಿ ಕಿಣ್ವದ ಕೆಲಸ ನಡೆಯಬೇಕು. ಮೂವತ್ತೊಂದು ವಿನ್ಯಾಸಗಳಾದವು. ತೆರೆಯ ಮೇಲೆ ಎಲ್ಲವೂ ಅಪ್ಪಿಕೊಂಡವು. ಸೀಸೆಯಲ್ಲಿ ಒಂದೂ ಇನ್ನೊಂದರ ಮುಖ ನೋಡಲಿಲ್ಲ.

ಮೂವತ್ತೆರಡನೆಯದರ ವಾರ ಜರಡಿಯಕ್ಕನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಆಸ್ಪತ್ರೆಗೂ ಪ್ರಯೋಗಾಲಯಕ್ಕೂ ಓಡಾಡುತ್ತಲೇ ಆಕೆ ಕೆಲಸ ಮುಗಿಸಿದಳು. ಸೋಸುವಾಗ ಹಿಡಿತ ಸಿಗಲೆಂದು ಪ್ರೋಟೀನಿಗೆ ಪುಟ್ಟದೊಂದು ಬಾಲ ಸೇರಿಸಿರುತ್ತಾರೆ. ಆಮೇಲೆ ಅದನ್ನು ಕತ್ತರಿಸಬೇಕು. ಆ ಸಲ ಮರೆತಳು.

ಆ ಸೀಸೆಯೇ ಕೆಲಸ ಮಾಡಿತು. ಪ್ರೊಫೆಸರರು ಕಾರಿಡಾರಿನುದ್ದಕ್ಕೂ ಓಡಿದರು. "ನನ್ನ ಲೆಕ್ಕ ತಪ್ಪಲ್ಲ ಅಂದಿರ್ಲಿಲ್ವಾ?"

ಸಂಜೆ ನೋಟ್‌ಬುಕ್ ತಿರುವಿದಾಗ ಜರಡಿಯಕ್ಕನಿಗೆ ತನ್ನ ತಪ್ಪು ಕಂಡಿತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ದರ್ಜಿಯಾಗಿದ್ದ ಅವನು ಸಮಾಧಾನ ಹೇಳಿದ: "ಕತ್ತರಿಸಿಬಿಟ್ಟಿದ್ರೆ ತೊಂದ್ರೆ. ಬಿಟ್ಟಿದ್ದನ್ನ ಯಾವಾಗ ಬೇಕಾದ್ರೂ ಕತ್ತರಿಸ್ಬಹುದಲ್ಲ!"

ಬೆಳಿಗ್ಗೆ ಆಕೆ ಎಲ್ಲ ಹೇಳಿದಳು. ಬಾಲ ಕತ್ತರಿಸಿ ನೋಡಿದರು; ಕಿಣ್ವ ಸತ್ತಿತು. ಬಾಲವಿದ್ದದ್ದನ್ನು ಹರಳುಗಟ್ಟಿಸಿ, ಕ್ಷ-ಕಿರಣದಲ್ಲಿ ಅದರ ರಚನೆ ನೋಡಿದರು. ಸತುವನ್ನು ಹಿಡಿದು ನಾಲ್ಕನ್ನೂ ಕೂಡಿಸಿದ್ದು ಬಾಲವೇ. ಪ್ರೊಫೆಸರರು ಕೊರೆದಿದ್ದ ಜಾಗ ಖಾಲಿ ಬಿದ್ದಿತ್ತು. ಅವರ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಎರಡೇ ದಿನ. ಮೂರನೆಯ ದಿನ ಪ್ರಬಂಧ ಬರೆಯಲು ಕೂತರು.

ಕರಡು ಓದಿದ ಜರಡಿಯಕ್ಕ ಮೆಲ್ಲನೆ ಕೇಳಿದಳು: "ಸರ್, ಇಲ್ಲಿ ನಾನು ಮರೆತೆ ಅಂತ ಇಲ್ವಲ್ಲ?"

"ವಿಜ್ಞಾನದಲ್ಲಿ ಮರೆತೆವು ಅಂತ ಬರೆಯಲ್ಲ ಅಕ್ಕ. 'ಬಾಲವನ್ನು ಉಳಿಸಿಕೊಳ್ಳಲಾಯಿತು' ಅಂತ ಬರೀತೀವಿ."

"ಯಾರು ಉಳಿಸ್ಕೊಂಡಿದ್ದು?"

"ಅದನ್ನ ಯಾರೂ ಕೇಳಲ್ಲ."

ಯಾರೂ ಕೇಳಲಿಲ್ಲ. ಪ್ರಬಂಧ ಅಚ್ಚಾಯಿತು. ಓದಿದವರು ದೂರದೃಷ್ಟಿಯ ವಿನ್ಯಾಸವೆಂದು ಹೊಗಳಿದರು. ಜರಡಿಯಕ್ಕ ಮಾತ್ರ ತನ್ನ ನೋಟ್‌ಬುಕ್ಕಿನಲ್ಲಿ ಶಾಯಿಯಿಂದ "ಕತ್ತರಿಸಲು ಮರೆತೆ" ಎಂದು ಬರೆದು, ತಾರೀಖು ಹಾಕಿದಳು. ನಿಯಮದಂತೆ ಪ್ರೊಫೆಸರರು ಅದರ ಕೆಳಗೆ ಸಹಿ ಮಾಡಿದರು, ಓದದೆ.

ಮುಂದಿನ ವಿನ್ಯಾಸಕ್ಕೆ ಅವರು ಯೋಚಿಸಿ ಯೋಚಿಸಿ ಮೂರು ಬಗೆಯ ಬಾಲ ಬರೆದರು. ಒಂದೂ ಕೂಡಲಿಲ್ಲ. ಒಂದು ಮಧ್ಯಾಹ್ನ ಆಕೆಯ ಮೇಜಿನ ಹತ್ತಿರ ಬಂದು ಕೇಳಿದರು:

"ಅಕ್ಕ, ಎಲ್ಲಿ ಎಡವಿರಬಹುದು?"

ಜರಡಿಯಕ್ಕ ಪಕ್ಕದ ಸ್ಟೂಲಿನ ಮೇಲಿದ್ದ ಕೈಗವಸಿನ ಡಬ್ಬಿ ತೆಗೆದಿಟ್ಟಳು. "ಕೂತ್ಕೊಳ್ಳಿ ಸರ್. ಮೊದಲಿಂದ ನೋಡೋಣ."