ಕಣ್ಣು ಮುಚ್ಚದ ಎಸ್ತೇರವ್ವ

ಎಸ್ತೇರವ್ವ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುತ್ತಿರಲಿಲ್ಲ. ಇಚಲಕರಂಜಿಯ ನಮ್ಮ ಪುಟ್ಟ ಚರ್ಚಿನಲ್ಲಿ ಪಾಸ್ಟರ್ ಬಾಯಿ ತೆರೆಯುವ ಮೊದಲೇ ಎಲ್ಲರ ತಲೆ ಬಾಗುತ್ತಿತ್ತು, ಆಕೆಯದು ಮಾತ್ರ ನೆಟ್ಟಗೆ. ಆ ಕಣ್ಣುಗಳು ಕಿಟಕಿಯಿಂದ ಶಿಲುಬೆಗೆ, ಶಿಲುಬೆಯಿಂದ ಬಾಗಿಲಿಗೆ ಓಡಾಡುತ್ತಲೇ ಇರುತ್ತಿದ್ದವು. ನಿಂತಲ್ಲೇ ಕಾಲು ಬದಲಿಸುವುದು, ಸೆರಗು ಜಗ್ಗುವುದು, ತುಟಿ ಅಲ್ಲಾಡಿಸುವುದು. ಬೆಳಗಾವಿಯ ಕಾನ್ವೆಂಟಿನಲ್ಲಿ ‘ಐಸ್ ಕ್ಲೋಸ್ಡ್, ಹ್ಯಾಂಡ್ಸ್ ಫೋಲ್ಡೆಡ್’ ಎಂದು ಸಿಸ್ಟರ್‌ಗಳ ಕೈಯಲ್ಲಿ ಪಳಗಿದ ನನಗೆ ಇದು ಭಾರೀ ಇರಿಟೇಟಿಂಗ್ ಅನಿಸುತ್ತಿತ್ತು. ಕಣ್ಣು ಮುಚ್ಚಿದ್ದ ನಾನು ಅದನ್ನೆಲ್ಲ ಹೇಗೆ ನೋಡಿದೆ ಎಂದು ಮಾತ್ರ ಕೇಳಬೇಡಿ.

ಹೊರಗೆ ಬಂದ ಮೇಲೆ ಹೆಂಗಸರು ಕಾಡುತ್ತಿದ್ದರು: “ಏನವಾ ಎಸ್ತೇರವ್ವಾ, ನಮ್ಮ ಚಪ್ಲಿ ಕಾಯಾಕತ್ತಿದ್ದೇನ?”

ಆಕೆ ನಗುತ್ತಿರಲಿಲ್ಲ. ಮಗ್ಗದ ಮುಂದೆ ಕಣ್ಣು ಮುಚ್ಚಿದರೆ ಎಳೆ ಹರಿದದ್ದನ್ನು ಯಾರು ನೋಡಬೇಕು ಎಂದು ತಿರುಗಿ ಕೇಳುತ್ತಿದ್ದಳು.

ಆಕೆ ಮತ್ತು ಗಂಡ ಯಾಕೋಬಣ್ಣ ಮದುವೆಯಾದ ಹೊಸತರಲ್ಲೇ ಮಹಾಗಾಂವದಿಂದ ಬಂದು ಪವರ್‌ಲೂಮಿಗೆ ಸೇರಿದವರು. ಇಬ್ಬರದೂ ಒಂದೇ ಶೆಡ್ಡು, ಎದುರುಬದುರು ಸಾಲು. ಮಗ್ಗಗಳ ಆ ಖಟಪಟದಲ್ಲಿ ಮನುಷ್ಯನ ಕೂಗು ಕೇಳಿಸುವುದಿಲ್ಲ, ಅಲ್ಲಿ ಎಲ್ಲವೂ ಕೈಸನ್ನೆ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ, ಈ ಕಡೆ ನೋಡು. ಅಂಗೈಯನ್ನು ಗಾಳಿಯಲ್ಲಿ ತಿರುವಿದರೆ ಮಗ್ಗ ನಡೆದಿದೆ, ಚಿಂತೆಯಿಲ್ಲ. ಈ ಅಭ್ಯಾಸ ಮನೆಯವರೆಗೂ ಬಂದಿತ್ತು. ನಮ್ಮದು ಗೋಡೆಗೆ ಗೋಡೆ ಹತ್ತಿದ ಮನೆ. ಗಂಡಹೆಂಡಿರು ಅಂಗಳದಲ್ಲಿ ನಿಂತು ಒಂದು ಸದ್ದೂ ಇಲ್ಲದೆ ಕೈಯಲ್ಲೇ ಜಗಳವಾಡುವುದನ್ನು ನಾನು ಚಹಾ ಕುಡಿಯುತ್ತ ನೋಡಿದ್ದೇನೆ. ಎಂಥ ಸಿವಿಲೈಸ್ಡ್ ಜಗಳ! ಕೊನೆಗೆ ಯಾಕೋಬಣ್ಣನೇ ಅಂಗೈ ತಿರುವಿ ಸೋಲೊಪ್ಪುತ್ತಿದ್ದ.

ನನ್ನವರು ತೀರಿಕೊಂಡ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಬೈಬಲ್ ಹಿಡಿದರೆ ಅರ್ಧಕ್ಕೇ ಎದ್ದು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಿ ಬರುತ್ತಿದ್ದೆ. ದೇವರು ಒಂದು ಮಾತೂ ಆಡುವುದಿಲ್ಲವಲ್ಲ ಎಂದು ಒಮ್ಮೆ ಆಕೆಯ ಮುಂದೆ ಅಂದುಬಿಟ್ಟೆ. ಮೆಂತೆಸೊಪ್ಪು ಸೋಸುತ್ತಿದ್ದ ಎಸ್ತೇರವ್ವ ತಲೆ ಎತ್ತಲಿಲ್ಲ.

“ಈ ಜಗತ್ತಿನ್ಯಾಗ ಭಾಳ ಸಪ್ಪಳ ಐತ್ರಿ ಬಾಯಾರ. ಅಂವಾ ಮಾತಾಡಿದರ ನಮಗೆಲ್ಲಿ ಕೇಳತೈತಿ? ಕೈಸನ್ನಿ ಮಾಡ್ತಾನ. ನಾವು ನೋಡಕೋಂತ ಇರಬೇಕ್ರಿ, ಅಷ್ಟ.”

ಯಾಕೋಬಣ್ಣನಿಗೆ ಲಕ್ವಾ ಹೊಡೆದದ್ದು ಒಂದು ಮುಂಜಾನೆ, ಶೆಡ್ಡಿನಲ್ಲೇ. ಕೊಲ್ಹಾಪುರದ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದ. ಮಾತು ಹೋಗಿತ್ತು, ಬಲಗೈ ಹೋಗಿತ್ತು. ಎಡಗೈ ಒಂದಿಷ್ಟು ಅಲ್ಲಾಡುತ್ತದೆ ಎಂದಿದ್ದರು ಡಾಕ್ಟರು. ಎಸ್ತೇರವ್ವನಿಗೆ ಅಷ್ಟೇ ಸಾಕಾಗಿತ್ತು. ದಿನಾ ಸಂಜೆ ಅವನ ಮುಂದೆ ಸ್ಟೂಲು ಹಾಕಿಕೊಂಡು ಸನ್ನೆ ಮಾಡುವಳು. ಹಸಿವೇನು? ನೀರೇನು? ನಾನ್ಯಾರು? ಅವನು ಗೋಡೆ ನೋಡುವನು. ಅವಳು ಎದ್ದು ಅಂಗಳಕ್ಕೆ ಬರುವಳು, ಮತ್ತೆ ಒಳಗೆ ಹೋಗುವಳು. ಊರಿನ ಬಳಗ ಬಂದು, ಮನೆದೇವರನ್ನು ಬಿಟ್ಟು ಈ ದೇವರನ್ನು ನಂಬಿ ಏನು ಸಿಕ್ಕಿತು ಎಂದು ಹಂಗಿಸಿ ಹೋಯಿತು. ಚರ್ಚಿನವರು ಸುಮ್ಮನಿದ್ದರೇ? ಆಕೆಯ ವಿಶ್ವಾಸದಲ್ಲೇ ಏನೋ ಕೊರತೆ ಇರಬೇಕು ಎಂದು ಒಬ್ಬಾಕೆ ನನ್ನೆದುರೇ ಅಂದಳು. ಎರಡನ್ನೂ ಎಸ್ತೇರವ್ವ ಕೇಳಿಸಿಕೊಂಡಳು.

ಒಂದು ಶನಿವಾರ ನನ್ನ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

“ಅಂವಾ ನೋಡವಲ್ಲರಿ ಬಾಯಾರ. ಮನ್ಯಾಗಿನಾಂವೂ ನೋಡವಲ್ಲ, ಮ್ಯಾಲಿನಾಂವೂ ನೋಡವಲ್ಲ. ನಾ ಒಬ್ಬಾಕೆ ಎಷ್ಟಂತ ಕೈ ಆಡಸಲಿ?”

ಮರುದಿನ ಎಂದಿನಂತೆ ಹುಡುಗರು ಯಾಕೋಬಣ್ಣನನ್ನು ಕುರ್ಚಿಸಹಿತ ಎತ್ತಿ ತಂದು ಗಂಡಸರ ಸಾಲಿನ ತುದಿಗೆ ಕೂರಿಸಿದರು. ಪ್ರಾರ್ಥನೆ ಶುರುವಾಯಿತು. ಪಕ್ಕದಲ್ಲಿದ್ದ ಎಸ್ತೇರವ್ವನನ್ನು ನಾನು ಓರೆಗಣ್ಣಿನಲ್ಲಿ ನೋಡಿದೆ. ಆಕೆ ಕಣ್ಣು ಮುಚ್ಚಿದ್ದಳು. ತಲೆ ಬಾಗಿಸಿ, ಕೈ ಜೋಡಿಸಿ, ಒಂದಿಷ್ಟೂ ಅಲುಗದೆ. ಸಿಸ್ಟರ್‌ಗಳು ನೋಡಿದ್ದರೆ ಶಹಬ್ಬಾಸ್ ಅನ್ನುತ್ತಿದ್ದರು. ಪಾಸ್ಟರರ ಮುಖದಲ್ಲೂ ಸಮಾಧಾನ. ನನಗೆ ಮಾತ್ರ ಅದು ಸರಿಕಾಣಲಿಲ್ಲ. ಕಾಯುವುದನ್ನೇ ಬಿಟ್ಟವರು ಹಾಗೆ ನಿಲ್ಲುತ್ತಾರೆ.

ನನಗೆ ಕಣ್ಣು ಮುಚ್ಚಲಾಗಲಿಲ್ಲ. ಆಕೆಯನ್ನು ನೋಡಿದೆ, ಶಿಲುಬೆ ನೋಡಿದೆ, ಬಾಗಿಲು ನೋಡಿದೆ. ಹಾಗೆ ನೋಡುತ್ತ ಯಾಕೋಬಣ್ಣನ ಮೇಲೆ ಕಣ್ಣು ನಿಂತಿತು. ಅವನು ಗೋಡೆ ನೋಡುತ್ತಿರಲಿಲ್ಲ. ಹೆಂಡತಿಯ ಮುಚ್ಚಿದ ಕಣ್ಣುಗಳನ್ನೇ ಗಾಬರಿಯಿಂದ ದಿಟ್ಟಿಸುತ್ತಿದ್ದ. ತೊಡೆಯ ಮೇಲಿನ ಎಡಗೈ ಮೆಲ್ಲಗೆ ಎದ್ದಿತು. ಎರಡು ಬೆರಳು ಬಿಚ್ಚಿದವು, ಕೂಡಿದವು, ಮತ್ತೆ ಬಿಚ್ಚಿದವು.

ಎಳೆ ಹರಿದಿದೆ. ಈ ಕಡೆ ನೋಡು.

ನಾನು ಎಸ್ತೇರವ್ವನನ್ನು ಮೊಣಕೈಯಿಂದ ತಿವಿದೆ, ಸ್ವಲ್ಪ ಜೋರಾಗಿಯೇ. ಆಕೆ ಕಣ್ಣು ಬಿಟ್ಟು ನೋಡಿದಳು. ಪಾಸ್ಟರರ ಪ್ರಾರ್ಥನೆ ಇನ್ನೂ ನಡೆದೇ ಇತ್ತು. ಸಾಲಿನ ನಡುವಿನಿಂದ ನಿಂತವರನ್ನು ಸರಿಸಿಕೊಂಡು ಹೋಗಿ ಅವನ ಕುರ್ಚಿಯ ಬಳಿ ಕುಕ್ಕರಿಸಿ ಕುಳಿತಳು. “ಗಂಟ ಹಾಕತೇನಿ, ತಡೀ” ಎಂದದ್ದು ಇಡೀ ಚರ್ಚಿಗೆ ಕೇಳಿಸಿತು.

ಅವನಿಗೆ ಮಾತು ಮರಳಲಿಲ್ಲ. ಮಿರಾಕಲ್ ಎಂದು ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಎರಡು ಬೆರಳಿನ ಆ ಸನ್ನೆಯೊಂದರಲ್ಲೇ ಅವರು ಮುಂದಿನ ಮಳೆಗಾಲದವರೆಗೆ ಸಂಸಾರ ಮಾಡಿದರು. ಆಮೇಲೆ ಅವನು ಹೋದ.

ಎಸ್ತೇರವ್ವ ಗಡಹಿಂಗ್ಲಜದ ಮಗಳ ಮನೆಗೆ ಹೊರಟ ದಿನ ಎಸ್‌ಟಿ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಅಲ್ಲಿ ಹೊಂದಿಕೊಳ್ಳುತ್ತೀಯಾ ಎಂದು ನಾನು ಕೇಳಿದ್ದು ಬಸ್ಸಿನ ಗದ್ದಲದಲ್ಲಿ ಆಕೆಗೆ ತಲುಪಲಿಲ್ಲ. ಕಿಟಕಿಯಿಂದ ನನ್ನನ್ನೊಮ್ಮೆ ನೋಡಿದಳು. ಕೆಂಪಾಗಿದ್ದ ಕಣ್ಣು ಒರೆಸಿಕೊಳ್ಳದೆ, ಅಂಗೈ ಹೊರಗೆ ಚಾಚಿ ಗಾಳಿಯಲ್ಲಿ ತಿರುವಿದಳು.

ಕ್ರಿಸ್‌ಮಸ್ಸಿಗೆ ಮುಂಚೆ ಆಕೆಯ ಮಗಳ ಫೋನು ಬಂತು, ಅವ್ವ ಹೋದಳು ಎಂದು. ಮಣ್ಣಿಗೆ ಹೋಗಲು ನನ್ನ ಮೊಣಕಾಲು ಬಿಡಲಿಲ್ಲ.

ಈಗ ಭಾನುವಾರಗಳಲ್ಲಿ ಪಕ್ಕದ ಜಾಗ ಖಾಲಿ. ಪಾಸ್ಟರ್ ಪ್ರಾರ್ಥನೆಗೆ ಕರೆಯುತ್ತಾರೆ, ತಲೆಗಳು ಬಾಗುತ್ತವೆ. ನಾನು ಕಿಟಕಿ ನೋಡುತ್ತೇನೆ, ಶಿಲುಬೆ ನೋಡುತ್ತೇನೆ, ಬಾಗಿಲು ನೋಡುತ್ತೇನೆ. ಹೋದ ವಾರ ಹೊರಗೆ ಬರುವಾಗ ಒಬ್ಬಾಕೆ ನನ್ನ ಸೆರಗು ಹಿಡಿದು ಕೇಳಿದಳು: “ಏನ್ರಿ ಬಾಯಾರ, ಈಗ ನೀವು ಚಪ್ಲಿ ಕಾಯಾಕತ್ತೀರೇನ?”

“ಹೌದವಾ,” ಎಂದೆ. “ಆಕೀ ಪಾಳಿ ಮುಗೀತು. ಈಗ ನನ್ನ ಪಾಳಿ.”