ಉಳಿದ ಎರಡು ಡೋಸ್

ಬೆಳಗಿನ ಆರಕ್ಕೆ ಹತ್ತು ನಿಮಿಷ ಉಂಟು. ಕಾರ್ಕಳದ ಮಗ್ಗುಲಿನ ಕುಕ್ಕುಂದೂರಿನಲ್ಲಿ, ಲಿಯೋನೆಲ್ ಎಂಬವರ ಮನೆಯ ಗೇಟಿನ ಹೊರಗೆ ಒಲಿಂಡಾ ಕ್ವಾಡ್ರಸ್ ನಿಂತಿದ್ದಾರೆ. ಸ್ಕೂಟರನ್ನು ದೂರ, ಡಾಮರು ರಸ್ತೆಯಲ್ಲೇ ಬಿಟ್ಟು ನಡೆದು ಬಂದವರು. ಗೇಟು ದಾಟುವುದಿಲ್ಲ. ಒಳಗೆ ಹಂದಿಗೂಡಿನಲ್ಲಿ ಲಿಯೋನೆಲ್ ಅವರ ಹೆಂಡತಿ ಲೊರ್ನಾ ಬಗ್ಗಿ, ಒಂದು ಹಂದಿಯ ಬಾಲದ ಕೆಳಗೆ ಥರ್ಮಾಮೀಟರ್ ಹಿಡಿದಿದ್ದಾರೆ.

"ಎಷ್ಟುಂಟು?" ಒಲಿಂಡಾ ಕೇಳುತ್ತಾರೆ.

"ನೂರ ಎರಡೂವರೆ."

"ಇನ್ನೊಂದಕ್ಕೆ?"

"ಅದಕ್ಕೂ ಅಷ್ಟೇ. ಮದುವೆಯಾಗಿ ಹದಿನೈದು ವರ್ಷ ಆಯಿತು ಒಲಿಂಡಾ ಬಾಯಿ, ನನ್ನ ಜ್ವರವನ್ನು ಈ ಮನೆಯಲ್ಲಿ ಒಬ್ಬರೂ ಹೀಗೆ ದಿನಕ್ಕೆ ಎರಡು ಸಲ ನೋಡಲಿಲ್ಲ."

ಒಲಿಂಡಾ ನಗುತ್ತಾರೆ, ಆದರೆ ಸ್ವಲ್ಪ ತಡವಾಗಿ. ನೂರ ಎರಡೂವರೆ ಡಿಗ್ರಿ ಎಂದರೆ ಹಂದಿ ಆರೋಗ್ಯವಾಗಿದೆ. ಒಲಿಂಡಾ ಈ ಗೂಡಿನ ಎರಡು ಹಂದಿಗಳಿಗೆ ಲಸಿಕೆ ಹಾಕಿ ಹೋದ ಮೇಲೆ ಇದು ಹದಿಮೂರನೆಯ ಬೆಳಗು. ರೋಗ ತಗುಲಿದ್ದರೆ ಹತ್ತೊಂಬತ್ತು ದಿನದೊಳಗೆ ಕಾಣಿಸುತ್ತದೆ. ಅದು ದಾಟಿದರೆ ಲಿಯೋನೆಲ್ ಅವರ ಹದಿನಾಲ್ಕು ಹಂದಿಗಳು ಉಳಿಯುತ್ತವೆ. ತಮ್ಮ ಕೈಯಿಂದ ರೋಗ ಹರಡಲಿಲ್ಲ ಎಂದು ಒಲಿಂಡಾ ಅವರಿಗೂ ಗೊತ್ತಾಗುತ್ತದೆ. ಬೇರೆ ಯಾವ ದಾರಿಯಿಂದಲೂ ಅದು ಗೊತ್ತಾಗುವಂತಿಲ್ಲ.

ಐವತ್ತೆರಡರ ಒಲಿಂಡಾ ಹಂದಿಗಳಿಗೆ ಲಸಿಕೆ ಹಾಕುವವರು. ಸರಕಾರಿ ನೌಕರಿಯಲ್ಲ, ಪಶು ಆಸ್ಪತ್ರೆಯವರು ಕರೆದ ದಿನದ ಕೂಲಿ. ಇಪ್ಪತ್ತೆರಡು ವರ್ಷಗಳಿಂದ ನಾಲ್ಕು ಪಂಚಾಯತುಗಳ ನಲವತ್ತು ಮನೆ, ಮುನ್ನೂರು ಚಿಲ್ಲರೆ ಹಂದಿ. ಹುಟ್ಟಿದ್ದು ಕಾಪುವಿನಲ್ಲಿ. ಏಳನೆಯ ಕ್ಲಾಸಿನಲ್ಲಿದ್ದಾಗ ಅಪ್ಪನ ಇಪ್ಪತ್ತಾರು ಹಂದಿಗಳು ಹಂದಿಜ್ವರಕ್ಕೆ ಒಂದೇ ವಾರದಲ್ಲಿ ಸತ್ತವು. ಆಮೇಲೆ ಒಬ್ಬರು ಲಸಿಕೆಯ ಐಸ್ ಡಬ್ಬಿ ಹಿಡಿದು ಬಂದು, ಖಾಲಿ ಗೂಡು ನೋಡಿ, ನೀರು ಕುಡಿದು ಹೋದರು. "ಅವರು ಒಂದು ವಾರ ಮೊದಲು ಬರಬಹುದಿತ್ತು ಅಲ್ವಾ ಅಂತ ನನಗೆ ತುಂಬ ವರ್ಷ ಸಿಟ್ಟಿತ್ತು" ಎನ್ನುತ್ತಾರೆ. "ನಾನು ಮೊದಲೇ ಹೋಗುವವಳಾಗಬೇಕು ಅಂತ ಅನಿಸಿದ್ದು ಅಲ್ಲಿಂದ."

ಗಂಡ ಜೆಫ್ರಿ ಕುವೈತಿನಲ್ಲಿ ಹನ್ನೊಂದು ವರ್ಷ ದುಡಿದು, ಸೊಂಟನೋವು ತೆಗೆದುಕೊಂಡು ಬಂದವರು. ಈಗ ಮನೆಯ ಅಡುಗೆ ಅವರದ್ದು. "ಇವಳು ಹಂದಿಯ ಹತ್ತಿರ ಮಾತಾಡಿದಷ್ಟು ನನ್ನ ಹತ್ತಿರ ಮಾತಾಡಿದ್ದರೆ ನಾನು ಕುವೈತಿಗೆ ಹೋಗುತ್ತಲೇ ಇರಲಿಲ್ಲ" ಎಂದು ಅವರು ಹೇಳುತ್ತಿದ್ದ ತಮಾಷೆ ಎರಡು ವಾರದಿಂದ ನಿಂತಿದೆ.

ಲಸಿಕೆಯ ಕೆಲಸಕ್ಕೆ ಅದರದ್ದೇ ಆದ ಗಡಿಬಿಡಿ ಉಂಟು. ಒಂದು ಸೀಸೆಯಲ್ಲಿ ಹತ್ತು ಡೋಸ್. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಎರಡೇ ಗಂಟೆ. ಆಮೇಲೆ ಚುಚ್ಚಿದರೆ ನೀರು ಚುಚ್ಚಿದ ಹಾಗೆ. ಒಂದೇ ದಿನ ಸರದಿ ಬಂದ ಹತ್ತು ಹಂದಿ ಒಂದೇ ಮನೆಯಲ್ಲಿ ಸಿಗುವುದು ಅಪರೂಪ. ಹಾಗಾಗಿ ಸೀಸೆ ಒಡೆದ ಕೂಡಲೇ ಓಟ. ಹಂದಿಯ ಮೇಲ್ದವಡೆಗೆ ನೈಲಾನ್ ಹಗ್ಗದ ಕುಣಿಕೆ ಹಾಕಿ ಎಳೆದು ಹಿಡಿಯಬೇಕು, ಕಿವಿಯ ಹಿಂದೆ ಚುಚ್ಚಬೇಕು, ಕುಣಿಕೆ ಬಿಡಿಸಬೇಕು, ಮುಂದಿನ ಮನೆ. ಹಂದಿಯ ಜೊಲ್ಲು, ಒಮ್ಮೊಮ್ಮೆ ಒಸಡಿನ ರಕ್ತ ಹಗ್ಗಕ್ಕೆ ಅಂಟುತ್ತದೆ. ಒಲಿಂಡಾ ಅದನ್ನು ಪ್ರತಿದಿನ ಸಂಜೆ ಹಂಡೆಯಲ್ಲಿ ಹಾಕಿ ಕುದಿಸುತ್ತಾರೆ. ಮನೆಯಿಂದ ಮನೆಗೆ ಹೋಗುವಾಗ ಕುದಿಸುವುದಿಲ್ಲ. ಎರಡು ಗಂಟೆಯಲ್ಲಿ ಅದು ಆಗುವ ಮಾತಲ್ಲ.

ಹದಿಮೂರು ದಿನಗಳ ಹಿಂದೆ ಅವರು ಸೀಸೆ ಒಡೆದದ್ದು ಎಡ್ವಿನ್ ಎಂಬವರ ಅಂಗಳದಲ್ಲಿ. ಅಲ್ಲಿ ಒಂದು ತಾಯಿಹಂದಿ ಬೆಳಗಿನ ತಿಂಡಿ ಮುಟ್ಟಿರಲಿಲ್ಲ. ಎಡ್ವಿನ್ "ಸೆಕೆಗೆ ಬಾಯಿ, ಮತ್ತೆಂತ ಇಲ್ಲ" ಎಂದರು. ಒಲಿಂಡಾ ಕುಣಿಕೆ ಹಾಕಿ ಹಿಡಿದು ಜ್ವರ ನೋಡಿದರು: ನೂರ ನಾಲ್ಕು. ಜ್ವರ ಇರುವ ಹಂದಿಗೆ ಲಸಿಕೆ ಹಾಕಬಾರದು. ಆಗಲೇ ಏನನ್ನೋ ಎದುರಿಸುತ್ತಿರುವ ದೇಹ ಲಸಿಕೆಯ ಪಾಠ ಸರಿಯಾಗಿ ಕಲಿಯುವುದಿಲ್ಲ. ಅವರು ಅದನ್ನೂ ಅದರ ಜೊತೆಯ ಹಂದಿಯನ್ನೂ ಬಿಟ್ಟರು. ಎಡ್ವಿನ್ ಅವರಲ್ಲಿಯೂ ಪಕ್ಕದ ಮೂರು ಮನೆಗಳಲ್ಲಿಯೂ ಆ ದಿನ ಸರದಿ ಇದ್ದ ಹಂದಿಗಳಿಗೆ ಹಾಕಿ ಮುಗಿಸಿದಾಗ ಸೀಸೆಯಲ್ಲಿ ಎರಡು ಡೋಸ್ ಉಳಿದವು, ಮೂವತ್ತೈದು ನಿಮಿಷವೂ ಉಳಿಯಿತು. ಲಿಯೋನೆಲ್ ಅವರ ಮನೆಯ ಸರದಿ ಇದ್ದದ್ದು ಮುಂದಿನ ವಾರ. ಅಲ್ಲಿಗೆ ಎರಡು ಕಿಲೋಮೀಟರ್. ಅದೇ ಹಗ್ಗ ಹಿಡಿದು ಹೋಗಿ ಎರಡು ಹಂದಿಗೆ ಹಾಕಿ ಬಂದರು.

"ಚೆಲ್ಲಲಿಕ್ಕೆ ಮನಸ್ಸಾಗಲಿಲ್ಲ" ಎನ್ನುತ್ತಾರೆ ಒಲಿಂಡಾ. "ಇಷ್ಟು ವರ್ಷದಲ್ಲಿ ನಾನು ಒಂದು ಡೋಸ್ ಚೆಲ್ಲಿದವಳಲ್ಲ."

ಮೂರನೆಯ ದಿನ ಎಡ್ವಿನ್ ಅವರ ತಾಯಿಹಂದಿ ಸತ್ತಿತು. ವಾರದೊಳಗೆ ಪಕ್ಕದ ಮೂರೂ ಮನೆಗಳಲ್ಲಿ ಹಂದಿಗಳ ಕಿವಿ ನೇರಳೆಯಾಯಿತು. ಭೋಪಾಲದ ಪ್ರಯೋಗಾಲಯದಿಂದ ಉತ್ತರ ಬಂತು: ಆಫ್ರಿಕನ್ ಹಂದಿಜ್ವರ. ಮನುಷ್ಯರಿಗೆ ಬರುವುದಿಲ್ಲ. ಒಲಿಂಡಾ ಹಾಕುವ ಹಂದಿಜ್ವರದ ಲಸಿಕೆಗೂ ಇದಕ್ಕೂ ಹೆಸರಿನಲ್ಲಷ್ಟೇ ಹೋಲಿಕೆ. ನಮ್ಮಲ್ಲಿ ಇದಕ್ಕೆ ಲಸಿಕೆ ಇಲ್ಲ, ಔಷಧಿ ಇಲ್ಲ. ಸುತ್ತ ಒಂದು ಕಿಲೋಮೀಟರಿನೊಳಗಿನ ಎಲ್ಲ ಹಂದಿಗಳನ್ನು ಕೊಂದು ಹೂಳಬೇಕು. ನಾಲ್ಕು ಮನೆಗಳ ಅರುವತ್ತೊಂದು ಹಂದಿಗಳನ್ನು ಎರಡು ದಿನಗಳಲ್ಲಿ ಸುಣ್ಣ ಸುರಿದು ಹೂತರು. ಲಿಯೋನೆಲ್ ಅವರ ಮನೆ ಆ ವೃತ್ತದ ಹೊರಗೆ ಉಳಿಯಿತು.

ಉಡುಪಿಯಿಂದ ಬಂದ ಪಶುವೈದ್ಯೆ ಡಾ. ಶ್ರೇಯಾ ಅವರನ್ನು ಒಲಿಂಡಾ ಒಂದೇ ಪ್ರಶ್ನೆ ಕೇಳಿದ್ದರು: ಇದಕ್ಕೆ ಯಾಕೆ ಲಸಿಕೆ ಮಾಡಲಿಕ್ಕೆ ಆಗುವುದಿಲ್ಲ?

"ರಕ್ತದಲ್ಲಿ ಕಾವಲಿನ ಕೋಶಗಳಿವೆ ಅಕ್ಕ" ಎಂದು ಡಾಕ್ಟರು ಹೇಳಿದರು. "ಹೊರಗಿನದು ಏನು ಬಂದರೂ ಹಿಡಿದು ನುಂಗುವುದು ಅವುಗಳ ಕೆಲಸ. ಬೇರೆ ವೈರಸ್ಸುಗಳು ಅವುಗಳಿಂದ ತಪ್ಪಿಸಿಕೊಳ್ಳಲಿಕ್ಕೆ ನೋಡುತ್ತವೆ. ಇದು ಹಾಗಲ್ಲ. ಹುಡುಕಿಕೊಂಡು ಹೋಗುವುದೇ ಆ ಕೋಶಗಳನ್ನು. ಒಳಗೆ ಕೂತು, ಅಪಾಯ ಉಂಟು ಅಂತ ಕೂಗುವ ಬಾಯಿಯನ್ನೇ ಮುಚ್ಚಿಸಿ, ಅಲ್ಲೇ ಮರಿ ಹಾಕುತ್ತದೆ. ಕೋಶ ರಕ್ತದಲ್ಲಿ ತಿರುಗುತ್ತಾ ತಾನೇ ಎಲ್ಲ ಕಡೆ ತಲುಪಿಸುತ್ತದೆ. ಹಂದಿಯ ದೇಹ ರೋಗದ ವಿರುದ್ಧ ಪ್ರತಿಕಾಯ ಮಾಡುವುದಿಲ್ಲ ಅಂತಲ್ಲ, ಮಾಡುತ್ತದೆ. ಅದು ಸಾಕಾಗುವುದಿಲ್ಲ."

ಒಲಿಂಡಾ ಇದನ್ನು ಒಂದು ಮಾತೂ ಬಿಡದೆ ನೆನಪಿಟ್ಟಿದ್ದಾರೆ. ಮತ್ತೆ ಮತ್ತೆ ಹೇಳುತ್ತಾರೆ. ಒಮ್ಮೆ ಹೇಳಿ ಮುಗಿಸಿ, ತಮ್ಮ ಕೈಗಳನ್ನು ನೋಡಿಕೊಂಡು, "ಜನ ನನಗೆ ಬಾಗಿಲು ತೆಗೆಯುತ್ತಿದ್ದದ್ದು ಯಾಕೆ ಹೇಳಿ? ಇವಳು ಕಾಪಾಡಲಿಕ್ಕೆ ಬರುವವಳು ಅಂತ" ಎಂದರು.

ಹಗ್ಗವನ್ನು ಪರೀಕ್ಷೆಗೆ ಕೊಡಲು ಅವರೇ ಹೋಗಿದ್ದರು. ಲಸಿಕೆ ಹಾಕಿದ ಸಂಜೆಯೇ ಕುದಿಸಿದ್ದರಿಂದ ಅದರಲ್ಲಿ ಇನ್ನೇನೂ ಸಿಗಲಾರದು ಎಂದು ವಾಪಸು ಕಳಿಸಿದರು. ನಾಲ್ಕು ಮನೆಗಳ ಗೂಡುಗಳು ಒತ್ತೊತ್ತಾಗಿವೆ. ಒಂದೇ ಚರಂಡಿ, ಅವೇ ನಾಯಿಗಳು. ಹಗ್ಗ ಇಲ್ಲದೆಯೂ ರೋಗ ಹರಡಬಹುದಿತ್ತು, ಯಾರೂ ಖಂಡಿತವಾಗಿ ಹೇಳಲಾರರು. ಲಿಯೋನೆಲ್ ಅವರ ಮನೆ ಮಾತ್ರ ದೂರ. ಆ ದಿನ ಅಲ್ಲಿಗೆ ಹೋದ ಹೊರಗಿನವರು ಒಲಿಂಡಾ ಒಬ್ಬರೇ.

ಎಡ್ವಿನ್ ಅವರ ಮನೆ ದಾರಿಯಲ್ಲೇ ಸಿಗುತ್ತದೆ. ಒಲಿಂಡಾ ತಲೆ ತಗ್ಗಿಸಿ ಹೋಗುತ್ತಿದ್ದರೆ ಅವರು ಜಗಲಿಯಿಂದ ಕರೆಯುತ್ತಾರೆ. "ಬನ್ನಿ ಬಾಯಿ, ಯಾಕೆ ಹೆದರುವುದು? ಈಗ ಎಷ್ಟು ಸಲ ಬೇಕಾದರೂ ಬರಬಹುದು. ಸಾಯಲಿಕ್ಕೆ ಇಲ್ಲಿ ಯಾರುಂಟು? ನಾನು, ನನ್ನ ಹೆಂಡತಿ."

ಒಲಿಂಡಾ ನಿಲ್ಲದೆ ಮುಂದೆ ಹೋಗುತ್ತಾರೆ. "ಅವರ ಗಂಡುಹಂದಿ ಎಡ್ವಿನ್ ಸೀನಿದರೆ ಎದ್ದು ನಿಲ್ಲುತ್ತಿತ್ತು" ಎಂದು ತಿರುವು ದಾಟಿದ ಮೇಲೆ ಹೇಳುತ್ತಾರೆ. "ಅಷ್ಟು ಪ್ರೀತಿ."

ಹದಿನೈದನೆಯ ಬೆಳಗು ಲೊರ್ನಾ ಥರ್ಮಾಮೀಟರ್ ನೋಡಿ, ಒರೆಸಿ, ಮತ್ತೆ ನೋಡುತ್ತಾರೆ.

"ಎಷ್ಟುಂಟು?"

ಲೊರ್ನಾ ಅದನ್ನು ಬೆಳಕಿಗೆ ಹಿಡಿಯುತ್ತಾರೆ.

"ಲೊರ್ನಾ, ಎಷ್ಟು?"

"ನೂರ ಆರು."

"ಕೊಡವಿ ಇನ್ನೊಮ್ಮೆ ಇಡು. ಎರಡು ನಿಮಿಷ ಇಡು."

ಎರಡು ನಿಮಿಷ ಕಳೆಯುತ್ತದೆ. ನೂರ ಆರು. ಲಸಿಕೆ ಹಾಕಿಸಿಕೊಂಡ ಎರಡರಲ್ಲಿ ಚಿಕ್ಕದು. ನಿನ್ನೆ ರಾತ್ರಿಯ ಕುಚ್ಚಲಕ್ಕಿ ಗಂಜಿ ಹಾಗೇ ಉಂಟು. ಲಿಯೋನೆಲ್ ಹಲ್ಲುಜ್ಜುತ್ತಿದ್ದವರು ಬ್ರಶ್ ಹಿಡಿದೇ ಗೇಟಿಗೆ ಬರುತ್ತಾರೆ.

"ಫೋನು ಮಾಡಬೇಡಿ ಬಾಯಿ. ಎರಡು ದಿನ ನೋಡುವ. ಇಳಿಯಬಹುದು ಅಲ್ವಾ?"

"ಇಳಿಯುವುದಿಲ್ಲ ಲಿಯೋನೆಲ್."

"ನಿಮಗೆ ಹೇಗೆ ಗೊತ್ತು? ಕ್ರಿಸ್ಮಸ್ಸಿಗೆ ಮಾಂಸ ಕೊಡುತ್ತೇನೆ ಅಂತ ಐದು ಮನೆಯವರಿಗೆ ಮಾತು ಕೊಟ್ಟಿದ್ದೇನೆ. ನೀವು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಮಗೂ ಒಳ್ಳೆಯದು."

ಒಲಿಂಡಾ ಫೋನು ಕಿವಿಗೆ ಹಿಡಿದಾಗಿದೆ. "ಡಾಕ್ಟ್ರೇ, ಕುಕ್ಕುಂದೂರಿನಿಂದ ಒಲಿಂಡಾ. ಲಿಯೋನೆಲ್ ಅವರಲ್ಲಿ ಒಂದಕ್ಕೆ ನೂರ ಆರು. ಹೌದು. ನಾನು ಹಗ್ಗ ಹಾಕಿದ್ದೇ." ಅಲ್ಲಿಂದ ಏನೋ ಸಮಾಧಾನ ಹೇಳಿರಬೇಕು. "ಅದು ಇರಲಿ ಡಾಕ್ಟ್ರೇ. ನೀವು ಬೇಗ ಬನ್ನಿ. ಬೇರೆ ಮನೆಗೆ ಹೋಗಬಾರದು ಇದು."

ಲೊರ್ನಾ ಗೂಡಿನೊಳಗೇ ಕುಳಿತುಬಿಟ್ಟಿದ್ದಾರೆ. ಹಂದಿಯ ಬೆನ್ನ ಮೇಲೆ ಕೈ ಉಂಟು.

ನಾಲ್ಕು ದಿನಗಳ ನಂತರ ಭೋಪಾಲದಿಂದ ಉತ್ತರ ಬರುತ್ತದೆ. ಮರುದಿನ ಹದಿನಾಲ್ಕು ಹಂದಿಗಳಿಗೆ ಗುಂಡಿ ತೋಡುತ್ತಾರೆ. ಒಲಿಂಡಾ ಅವರ ಹೆಸರಿಗೆ ನೋಟೀಸು ಬಂದಿಲ್ಲ, ಯಾರೂ ವಿಚಾರಣೆ ಮಾಡಿಲ್ಲ. ನಿಯಮದಲ್ಲಿ ಅವರು ಮುರಿದದ್ದು ಹೆಚ್ಚೇನೂ ಇಲ್ಲ ಎನ್ನುತ್ತಾರೆ ಡಾ. ಶ್ರೇಯಾ, ಹತ್ತು ಡೋಸಿನ ಸೀಸೆ ಕೊಟ್ಟು ಎರಡೆರಡು ಹಂದಿಗೆ ಸರದಿ ಇರುವ ಮನೆಗಳಿಗೆ ಕಳಿಸುವಾಗ ಬೇರೇನು ಆಗುತ್ತದೆ ಎಂದು ಅವರೇ ಕೇಳುತ್ತಾರೆ. ಜ್ವರದ ಸುದ್ದಿಯನ್ನು ಅದೇ ಬೆಳಗು ಮುಟ್ಟಿಸಿದ್ದರಿಂದ ಸುತ್ತಲಿನ ಊರುಗಳ ನೂರಾರು ಹಂದಿಗಳು ಉಳಿದವು ಎಂದೂ ಹೇಳುತ್ತಾರೆ. ಒಲಿಂಡಾ ಇದನ್ನು ಕೇಳಿಸಿಕೊಂಡದ್ದು ಹೌದು. ಜೆಫ್ರಿ ಬಡಿಸಿದ ಅನ್ನವನ್ನು ಬಟ್ಟಲಿನಲ್ಲೇ ಕಲಸುತ್ತಾ ಕೂತಿದ್ದರು.

ಮುಂದೇನು ಎಂದು ಕೇಳಿದರೆ ಬಟ್ಟಲನ್ನು ಬದಿಗೆ ಸರಿಸುತ್ತಾರೆ.

"ಇದಕ್ಕೂ ಒಂದು ದಿನ ಲಸಿಕೆ ಬರುತ್ತದೆ ಅಂತ ಡಾಕ್ಟ್ರು ಹೇಳಿದರು. ಬರಲಿ. ಚುಚ್ಚುವುದು ಬೇರೆಯವರು ಮಾಡಲಿ, ನನಗೆ ಬೇಡ. ಆದರೆ ಹೊಸಬರು ಯಾರೇ ಬರಲಿ, ಮೊದಲು ನನ್ನ ಹತ್ತಿರ ಕಳಿಸಿ. ಯಾವ ಮನೆಯ ಹಂದಿ ಕಚ್ಚುತ್ತದೆ, ಯಾವುದನ್ನು ಬೆಲ್ಲ ತೋರಿಸಿ ಕರೆಯಬೇಕು, ಯಾವುದು ಬೊಬ್ಬೆ ಹಾಕುತ್ತದೆ ಆದರೆ ಎಂತ ಮಾಡುವುದಿಲ್ಲ, ಎಲ್ಲ ನನಗೆ ಗೊತ್ತುಂಟು. ಐದೂ ಮನೆಯದ್ದು ಹೇಳಿಕೊಡುತ್ತೇನೆ."

ಹೇಳಿ ಮುಗಿಸಿ ಅವರು ಬೆರಳು ಮಡಚಿ ಎಣಿಸುತ್ತಾರೆ: ಎಡ್ವಿನ್, ಪಕ್ಕದ ಮೂರು ಮನೆ, ಲಿಯೋನೆಲ್. ಐದೂ ಮನೆಗಳ ಗೂಡುಗಳಲ್ಲಿ ಈಗ ಸುಣ್ಣ ಮಾತ್ರ ಉಂಟು.